ಲುವಿನಿಯಾಳ ಸೋಮವಾರಗಳು

ಅಲಬಾಮಾದ ಆ ಪುಟ್ಟ ಊರಿನಲ್ಲಿ, ಹಳ್ಳದಾಚೆಯ ಕಪ್ಪು ಹೆಂಗಸರಲ್ಲಿ ಲುವಿನಿಯಾ ಪೆಟಿಗ್ರೂ ಮುಂದೆ ತಲೆ ಬಗ್ಗಿಸಿ ಕೂರದವರು ಯಾರೂ ಇರಲಿಲ್ಲ. ಅವಳು ಗೇಣಿದಾರರ ಮಗಳು. ಹತ್ತಿ ಬಿಡಿಸಿ ಬಿಡಿಸಿ ಬೆರಳು ಸೀಳಿಹೋಗಿ, ಹದಿನಾರನೆಯ ವಯಸ್ಸಿಗೆ ಬರ್ಮಿಂಗ್‌ಹ್ಯಾಮಿನಲ್ಲಿದ್ದ ಚಿಕ್ಕಮ್ಮನ ಮನೆ ಸೇರಿ ಕೂದಲಿನ ಕೆಲಸ ಕಲಿತಳು. ಮರಳಿ ಬಂದು ಹೋರೇಸನನ್ನು ಮದುವೆಯಾದ ಮೇಲೆ ಮನೆಯ ಮುಂದಿನ ಕೋಣೆಯಲ್ಲೇ ಅಂಗಡಿ ಇಟ್ಟಳು. ಎರಡು ಕುರ್ಚಿ, ಒಂದು ಕನ್ನಡಿ, ಗುಂಗುರು ಕೂದಲನ್ನು ನೆಟ್ಟಗೆ ಮಾಡಲು ಸಣ್ಣ ಒಲೆಯ ಮೇಲೆ ಕಾಯುವ ಕಬ್ಬಿಣದ ಬಾಚಣಿಗೆ, ಇಷ್ಟೇ ಅವಳ ಬಂಡವಾಳ. ಮಂಗಳವಾರದಿಂದ ಶನಿವಾರದವರೆಗೆ ಕೆಲಸ, ಭಾನುವಾರ ಚರ್ಚು, ಸೋಮವಾರ ರಜೆ.

ಊರಿನ ಉಳಿದ ಹೆಂಗಸರು ಬಿಳಿಯರ ಮನೆಗಳಲ್ಲಿ ಅಡುಗೆಗೋ ಮಕ್ಕಳನ್ನು ನೋಡಿಕೊಳ್ಳಲಿಕ್ಕೋ ಹೋಗುತ್ತಿದ್ದರು. ಯಜಮಾನಿ ಮುಖ ಸಿಂಡರಿಸಿದರೆ ಅವರ ಅನ್ನಕ್ಕೆ ಕಲ್ಲು. ಲುವಿನಿಯಾಳ ಗಿರಾಕಿಗಳಾದರೋ ಇವರೇ. ಅವಳನ್ನು ಕೆಲಸದಿಂದ ಬಿಡಿಸುವವರು ಯಾರೂ ಇರಲಿಲ್ಲ. ಇದು ಎಷ್ಟು ದೊಡ್ಡ ಸಂಗತಿ ಎಂಬುದು ನಲವತ್ತಮೂರು ವರ್ಷ ತುಂಬುವವರೆಗೆ ಅವಳಿಗೇ ಹೊಳೆದಿರಲಿಲ್ಲ.

೧೯೬೨ರ ವಸಂತದಲ್ಲಿ ಹಳ್ಳದ ಮೇಲಿನ ಮರದ ಸೇತುವೆ ಕುಸಿಯಿತು. ಬಿಳಿಯರ ಮನೆಗೆಲಸ ಮುಗಿಸಿ ಈಸ್ಟರ್‌ಗೆ ತಲೆ ಬಾಚಿಸಿಕೊಳ್ಳಲು ಬಂದ ಹೆಂಗಸರು ಪಾದರಕ್ಷೆ ಕೈಯಲ್ಲಿ ಹಿಡಿದು, ಮೊಣಕಾಲುದ್ದ ಕೆಸರಿನಲ್ಲಿ ದಾಟಿ ಬಂದರು. ತಿಂಗಳುಗಟ್ಟಲೆ ಯಾರೂ ಅದರತ್ತ ತಿರುಗಿ ನೋಡದಿದ್ದಾಗ ಲುವಿನಿಯಾ ಕೌಂಟಿ ಕಚೇರಿಗೆ ಹೋಗಿ, ರಸ್ತೆಗಳ ಹೊಣೆ ಹೊತ್ತಿದ್ದ ಕಮಿಷನರನ ಮುಂದೆ ನಿಂತಳು. ಅವನು ಒರಟನೇನಲ್ಲ. ಅವಳ ಮಾತನ್ನು ಪೂರ್ತಿ ಕೇಳಿಸಿಕೊಂಡ.

"ನೋಡು ಲುವಿನಿಯಾ, ನಿನ್ನ ಮೇಲೆ ನಂಗೇನೂ ಸಿಟ್ಟಿಲ್ಲ. ಆದ್ರೆ ನೀನೇ ಹೇಳು, ಹಳ್ಳದಾಚೆಯಿಂದ ನಂಗೆ ವೋಟು ಹಾಕ್ದೋರು ಯಾರು?"

"ಹಾಕೋಕೆ ಬಿಟ್ರೆ ತಾನೇ, ಸಾರ್?"

ಅವನು ನಕ್ಕು ಕಾಗದಗಳಿಗೆ ಮರಳಿದ.

ಸಾಮಿಲ್ಲಿನಿಂದ ಬಂದ ಹೋರೇಸ್ ಕೇಳಿದ: "ಏನಂದ?"

"ನಿಜ ಹೇಳ್ದ," ಎಂದಳು ಲುವಿನಿಯಾ.

ಮತದಾರರ ಪಟ್ಟಿಗೆ ಹೆಸರು ಸೇರಿಸುವ ಕೋಣೆ ತೆರೆಯುತ್ತಿದ್ದುದು ತಿಂಗಳಿಗೆ ಎರಡೇ ದಿನ, ಮೊದಲ ಮತ್ತು ಮೂರನೆಯ ಸೋಮವಾರ. ಅವಳ ಅಂಗಡಿಗೆ ರಜೆ ಇರುವ ದಿನವೇ. ಚರ್ಚಿನ ಟೋಪಿ ಹಾಕಿಕೊಂಡು ಬೆಳಿಗ್ಗೆ ಒಂಬತ್ತಕ್ಕೆ ಹೋದವಳನ್ನು ಒಳಗೆ ಕರೆದದ್ದು ಮಧ್ಯಾಹ್ನ ಮೂರೂವರೆಗೆ. ನಾಲ್ಕು ಪುಟದ ಅರ್ಜಿ, ಅದರ ಮೇಲೆ ಸಂವಿಧಾನದ ಪ್ರಶ್ನೆಗಳು. ಎರಡು ವಾರದ ಮೇಲೆ ಟಪಾಲಿನಲ್ಲಿ ಉತ್ತರ ಬಂತು: ತಿರಸ್ಕರಿಸಲಾಗಿದೆ. ಕಾರಣ ಬರೆದಿರಲಿಲ್ಲ.

ಅವಳು ಬೇಸರಪಡುತ್ತಾಳೆ ಎಂದು ಗಂಡ ಅಂದುಕೊಂಡಿದ್ದ. ಅವಳು ನೆನಪಿದ್ದಷ್ಟು ಪ್ರಶ್ನೆಗಳನ್ನು ಕಾಗದದಲ್ಲಿ ಬರೆದು ಕನ್ನಡಿಯ ಪಕ್ಕ ಅಂಟಿಸಿದಳು. ಮುಂದಿನ ಸಲ ಇನ್ನಷ್ಟು ಸೇರಿದವು. ಅವಳ ಹಿಂದೆಯೇ ಹೋಗತೊಡಗಿದ ಒಬ್ಬೊಬ್ಬ ಹೆಂಗಸೂ ಒಂದೆರಡು ಪ್ರಶ್ನೆ ನೆನಪಿಟ್ಟುಕೊಂಡು ತಂದಳು. ವರ್ಷ ತುಂಬುವುದರೊಳಗೆ ಗೋಡೆ ತುಂಬಿತು, ಕೂದಲಿನ ಅಂಗಡಿ ಪಾಠಶಾಲೆಯಾಯಿತು.

"ಅಧ್ಯಕ್ಷ ಸತ್ತ, ಉಪಾಧ್ಯಕ್ಷನೂ ಸತ್ತ ಅಂತಿಟ್ಕೋ. ಆಮೇಲೆ ಯಾರು?" ಬಾಚಣಿಗೆ ಎಳೆಯುತ್ತಲೇ ಲುವಿನಿಯಾ ಕೇಳುತ್ತಿದ್ದಳು.

"ನನ್ನ ಗಂಡ ಅಂತೂ ಅಲ್ಲ ಬಿಡು. ಅವನು ಎದ್ದೇಳೋ ಹೊತ್ತಿಗೆ ದೇಶಾನೇ ಮುಳುಗಿರುತ್ತೆ."

"ನಗ್ಬೇಡ ಕಣೇ, ತಲೆ ಅಲ್ಲಾಡುತ್ತೆ. ಕಿವಿ ಸುಟ್ರೆ ನನ್ನ ಬೈಬೇಡ."

ಅವರೆಲ್ಲರಿಗಿಂತ ಹಿರಿಯಳು ಅರ್ಮಿಂಟಾ ಗುಡ್‌ಲೋ, ಎಪ್ಪತ್ತೆಂಟರ ಅಜ್ಜಿ. ಅವಳಿಗೆ ಓದು ಬರಹ ಬರುತ್ತಿರಲಿಲ್ಲ. ಆದರೂ ಪ್ರತಿ ಶನಿವಾರ ಬಂದು ಮೂಲೆಯ ಕುರ್ಚಿಯಲ್ಲಿ ಕೂತು ಕೇಳುತ್ತಿದ್ದಳು. ಒಂದು ದಿನ ಇದ್ದಕ್ಕಿದ್ದಂತೆ ಹೇಳಿದಳು:

"ನಮ್ಮಪ್ಪ ವೋಟು ಹಾಕಿದ್ದ, ಗೊತ್ತಾ? ಗುಲಾಮನಾಗಿ ಹುಟ್ದ. ಯುದ್ಧ ಮುಗೀತು, ಬಿಡುಗಡೆ ಆಯ್ತು, ವೋಟೂ ಹಾಕ್ದ. ಆಮೇಲೆ ಹೊಸ ಕಾನೂನು ತಂದು ಅದನ್ನೂ ಕಿತ್ಕೊಂಡ್ರು. ನಾನಾಗ ಹದಿನೇಳು ವರ್ಷದೋಳು. ಅವತ್ತು ಅವನು ಊಟ ಮಾಡ್ಲಿಲ್ಲ." ಕುರ್ಚಿಯಿಂದ ಮುಂದಕ್ಕೆ ಬಾಗಿ ಅಂದಳು: "ನಂಗೆ ನನ್ನ ಹೆಸರು ಬರೆಯೋದು ಕಲಿಸ್ತೀಯಾ, ಮಗಳೇ?"

ಅಂದಿನಿಂದ ಅಜ್ಜಿಗೆ ಸೀಸದಕಡ್ಡಿಯ ಪಾಠ ಶುರುವಾಯಿತು.

ಮರುವರ್ಷದ ಶರತ್ಕಾಲದಲ್ಲಿ ಹೋರೇಸ್ ಒಂದು ದಿನ ಮಧ್ಯಾಹ್ನವೇ ಮನೆಗೆ ಬಂದ. ಊಟದ ಡಬ್ಬಿ ತೆರೆದಿರಲಿಲ್ಲ. ಹತ್ತೊಂಬತ್ತು ವರ್ಷ ಮರ ಕೊಯ್ದ ಕೆಲಸ ಹೋಗಿತ್ತು.

"ಮೇಸ್ತ್ರಿ ಕರೆದು, ನಿನ್ನ ಹೆಂಡ್ತಿಗೆ ಕೂದಲು ಬಾಚ್ಕೊಂಡು ತೆಪ್ಪಗಿರೋಕೆ ಹೇಳು ಅಂದ. ನನ್ನ ಮಾತು ಅವಳು ಕೇಳೋ ಹಾಗಿದ್ರೆ ನಾನು ಇಷ್ಟೊತ್ತಿಗೆ ಮೀಸೆ ಬಿಟ್ಟಿರ್ತಿದ್ದೆ, ಸಾರ್, ಅಂದೆ. ಅವನಿಗೆ ನಗು ಬರ್ಲಿಲ್ಲ."

ಲುವಿನಿಯಾಳಿಗೂ ನಗು ಬರಲಿಲ್ಲ. ಗಿರಾಕಿಗಳನ್ನು ಕಳಿಸಿ, ಗೋಡೆಯ ಕಾಗದಗಳನ್ನು ಒಂದೊಂದಾಗಿ ಬಿಡಿಸಿ ಮೇಜಿನ ಖಾನೆಯಲ್ಲಿಟ್ಟಳು. ಆ ವಾರವಿಡೀ ಅಂಗಡಿಯಲ್ಲಿ ಮದುವೆ, ಬಸಿರು, ಬಾಣಂತನದ ಮಾತು ಬಿಟ್ಟರೆ ಬೇರೆ ಮಾತಿಲ್ಲ. ತನ್ನ ಹಟಕ್ಕೆ ಗಂಡ ದಂಡ ತೆತ್ತನಲ್ಲ ಎಂಬ ಕೊರಗು ಅವಳ ಎದೆಯಲ್ಲಿ ಮುಳ್ಳಿನಂತೆ ಕೂತಿತು. ಭಾನುವಾರ ಚರ್ಚಿನಿಂದ ಬಂದಾಗ ಹೋರೇಸ್ ಕೋಟು ಕಳಚದೆಯೇ ಖಾನೆ ಎಳೆದು, ಕಾಗದಗಳನ್ನು ತೆಗೆದು ಮತ್ತೆ ಗೋಡೆಗೆ ಅಂಟಿಸತೊಡಗಿದ. ಎರಡು ತಲೆಕೆಳಗಾಗಿದ್ದವು.

"ಏನ್ ಮಾಡ್ತಿದೀರಿ?"

"ಈಗ ನನ್ನನ್ನೂ ಕೆಲಸದಿಂದ ತೆಗೆಯೋರು ಯಾರೂ ಇಲ್ವಲ್ಲ. ನಾಳೆ ನಾನೂ ಬರ್ತೀನಿ."

ಮರುದಿನ ಇಬ್ಬರೂ ಹೋಗಿ ಇಬ್ಬರೂ ತಿರಸ್ಕೃತರಾದರು. ಹೋರೇಸ್ ಆಮೇಲೆ ಕುರ್ಚಿ ಮೇಜು ರಿಪೇರಿ ಮಾಡುತ್ತ, ಸಿಕ್ಕಿದ ಮರಗೆಲಸ ಮಾಡುತ್ತ ದಿನ ದೂಡಿದ.

೧೯೬೫ರ ಬೇಸಿಗೆಯ ಹೊತ್ತಿಗೆ ಲುವಿನಿಯಾ ಹನ್ನೊಂದು ಸಲ ಹೋಗಿ ಬಂದಿದ್ದಳು. ಅವಳ ಅಂಗಡಿಯಲ್ಲಿ ಕಲಿತವರಲ್ಲಿ ಪಟ್ಟಿ ಸೇರಿದವರು ನಾಲ್ಕೇ ಜನ. ಆ ವರ್ಷದ ಮಾರ್ಚಿನಲ್ಲಿ ಸೆಲ್ಮಾದಲ್ಲಿ ಮತದ ಹಕ್ಕು ಕೇಳಿ ಹೊರಟವರನ್ನು ಪೊಲೀಸರು ಬಡಿದು ಉರುಳಿಸಿದ್ದನ್ನು ಇಡೀ ದೇಶ ಟಿವಿಯಲ್ಲಿ ನೋಡಿತ್ತು. ಆಗಸ್ಟಿನಲ್ಲಿ ಹೊಸ ಕಾಯಿದೆ ಬಂತು. ಸ್ವಲ್ಪ ದಿನದಲ್ಲೇ ಕೇಂದ್ರ ಸರ್ಕಾರದ ಗುಮಾಸ್ತರು ಬಂದು ಮತದಾರರ ಹೆಸರು ಬರೆದುಕೊಳ್ಳಲು ಅಂಚೆ ಕಚೇರಿಯ ಹಿಂದಿನ ಕೋಣೆಯಲ್ಲಿ ಮೇಜು ಹಾಕಿದರು. ಸಾಲು ಬಾಗಿಲು ದಾಟಿ, ಮೆಟ್ಟಿಲಿಳಿದು, ಔಷಧಿ ಅಂಗಡಿಯ ಮೂಲೆ ತಿರುಗಿತು. ಬಿಸಿಲಿಗೆ ಎಲ್ಲರ ಕೂದಲೂ ಮತ್ತೆ ಗುಂಗುರಾಗುತ್ತಿದ್ದರೂ ಯಾರೂ ಜಾಗ ಬಿಡಲಿಲ್ಲ.

ಅರ್ಮಿಂಟಾ ಅಜ್ಜಿಯ ಸರದಿ ಬಂದಾಗ ಎಳೆಯ ವಯಸ್ಸಿನ ಗುಮಾಸ್ತ ಮೆಲ್ಲಗೆ ಹೇಳಿದ: "ಬರೆಯೋಕೆ ಬರ್ದಿದ್ರೆ ಒಂದು ಗುರುತು ಹಾಕಿ, ಅಜ್ಜಿ. ಅಷ್ಟು ಸಾಕು."

"ಗುರುತು ಹಾಕೋಕಾ ನಾನು ಎರಡು ವರ್ಷ ಆ ಒಲೆ ಪಕ್ಕ ಬೆಂದಿದ್ದು? ಪೆನ್ನು ಕೊಡು ಮಗಾ."

ಒಂದೊಂದು ಅಕ್ಷರಕ್ಕೂ ನಾಲಿಗೆ ಕಚ್ಚಿಕೊಂಡು ಬರೆದಳು. ಗೆರೆ ಮುಗಿದರೂ ಹೆಸರು ಮುಗಿಯದೆ ಕೊನೆಯ ಎರಡಕ್ಷರ ಕೆಳಗಿಳಿದವು. "ಕೆಳಗೆ ಬಿದ್ರೂ ಅದು ನಂದೇ," ಎಂದಳು.

ಎಲ್ಲರನ್ನೂ ಮುಂದೆ ಕಳಿಸಿ ಲುವಿನಿಯಾ ಕೊನೆಗೆ ಕೂತಳು. ಹೆಸರು, ವಯಸ್ಸು, ವಿಳಾಸ ಕೇಳಿ ಗುಮಾಸ್ತ ಕಾಗದ ಮುಂದಿಟ್ಟ.

"ಅಷ್ಟೇನಾ? ಅಧ್ಯಕ್ಷ, ಉಪಾಧ್ಯಕ್ಷ ಇಬ್ರೂ ಸತ್ರೆ ಯಾರು ಅಂತ ಕೇಳಲ್ವಾ?"

ಅವನು ತಲೆ ಕೆರೆದುಕೊಂಡ. "ಯಾರು?"

"ಪ್ರತಿನಿಧಿ ಸಭೆಯ ಸ್ಪೀಕರ್," ಎಂದು ಹೇಳಿಕೊಟ್ಟು ಸಹಿ ಹಾಕಿದಳು.

ಹೊರಗೆ ಬಂದಾಗ ಸಂತೋಷವಾಗಬೇಕಿತ್ತು. ಅವಳಿಗೆ ಸಿಟ್ಟು ಬಂತು. ಮೂರು ವರ್ಷ ಕಾಡಿದ್ದು ಮೂರು ನಿಮಿಷದ ಕೆಲಸವೇ? ಅಂಚೆ ಕಚೇರಿಯ ಮೆಟ್ಟಿಲ ಮೇಲೆ ಕೂತು ಟೋಪಿ ತೆಗೆದು ಅತ್ತಳು. ಅವಳಿಗೆ ಸಾಕಾಗುವವರೆಗೂ ಹೋರೇಸ್ ಪಕ್ಕದಲ್ಲಿ ಕೂತಿದ್ದ.

ಮರುವರ್ಷದ ಮೇ ತಿಂಗಳ ಚುನಾವಣೆಗೆ ಮುಂಚೆ ಅದೇ ಕಮಿಷನರ್ ಅಂಗಡಿಯ ಬಾಗಿಲಲ್ಲಿ ಹ್ಯಾಟು ತೆಗೆದು ನಿಂತ.

"ಮಿಸೆಸ್ ಪೆಟಿಗ್ರೂ, ನಿಮ್ಮ ಹತ್ರ ಎರಡು ಮಾತಾಡ್ಬೇಕಿತ್ತು."

"ಕೂತ್ಕೊಳ್ಳಿ. ಈ ತಲೆ ಮುಗೀಲಿ."

ಅವನು ಹೆಂಗಸರ ನಡುವೆ ನಲವತ್ತು ನಿಮಿಷ ಕೂತ. ಆಮೇಲೆ ಸೇತುವೆ ಕಟ್ಟಿಸುವ ಮಾತು ಕೊಟ್ಟ. ಲುವಿನಿಯಾ ವಿನಯದಿಂದ ಕೇಳಿಸಿಕೊಂಡು, ತನ್ನ ವೋಟನ್ನು ಚುನಾವಣೆಯಲ್ಲಿ ಅವನ ಎದುರು ನಿಂತಿದ್ದ ಕಪ್ಪು ಬಡಗಿಯೊಬ್ಬನಿಗೆ ಹಾಕಿದಳು. ಬಡಗಿ ಸೋತ. ಆದರೆ ಅಂತರ ನೋಡಿ ಗೆದ್ದವನ ಬೆನ್ನಲ್ಲೂ ಬೆವರಿಳಿದಿರಬೇಕು: ಕ್ರಿಸ್‌ಮಸ್ಸಿಗೆ ಮುಂಚೆ ಕಾಂಕ್ರೀಟು ಸೇತುವೆ ಎದ್ದಿತ್ತು.

ಅರ್ಮಿಂಟಾ ಅಜ್ಜಿಗೆ ಸಿಕ್ಕಿದ್ದು ಆ ವರ್ಷದ ಚುನಾವಣೆ ಮಾತ್ರ. ಚಳಿಗಾಲದಲ್ಲಿ ತೀರಿಕೊಂಡಳು. ಬಡಗಿ ನಾಲ್ಕು ವರ್ಷದ ನಂತರ ಮತ್ತೆ ನಿಂತು ಗೆದ್ದ. ಲುವಿನಿಯಾ ಮತಗಟ್ಟೆಯ ಅಧಿಕಾರಿಯಾಗಿ ಇಪ್ಪತ್ತು ವರ್ಷ ಕೂತಳು. ಕೈ ನಡುಗತೊಡಗಿದಾಗ ಅಂಗಡಿಯನ್ನು ಅಕ್ಕನ ಮಗಳಿಗೆ ಬಿಟ್ಟುಕೊಟ್ಟು, ಹಿತ್ತಲಿನ ನೆರಳಿನಲ್ಲಿ ಹೋರೇಸನೊಡನೆ ಅವರೆ ಸುಲಿಯುತ್ತ, ಯಾರ ಹೊಲದ ಕಾಯಿ ಹೆಚ್ಚು ರುಚಿ ಎಂದು ಜಗಳವಾಡುತ್ತ ಇನ್ನೂ ಒಂಬತ್ತು ಬೇಸಿಗೆ ಕಳೆದಳು.