ಗಾಡಿ ಮನೆಗೆ, ಗಡಿಗೆ ಸರ್ಕಾರಕ್ಕೆ

ಕೂತಲ್ಲಿ ಕೂರುವ ಭಾಗ್ಯವನ್ನು ದೇವರು ನನಗೆ ಕೊಡಲಿಲ್ಲ. ಚನ್ನಪಟ್ಟಣದ ಶಾಲೆಯಲ್ಲಿ ಪಾಠ ಹೇಳುವಾಗಲೂ ಗೋಡೆಯಿಂದ ಗೋಡೆಗೆ ನಡೆಯುತ್ತಲೇ ಇರುತ್ತಿದ್ದೆ. ಹುಡುಗರು ಕತ್ತು ತಿರುಗಿಸಿ ತಿರುಗಿಸಿ ಸಾಕಾಗಿ ಕೊನೆಗೆ ಕಿಟಕಿಯ ಕಡೆ ನೋಡುತ್ತಿದ್ದರು. ‘ಮೇಷ್ಟ್ರ ಕಾಲ್ಗೆ ಚಕ್ರ ಐತೆ’ ಎಂದು ಊರೆಲ್ಲ ಆಡಿಕೊಳ್ಳುತ್ತಿತ್ತು. ಆ ವರ್ಷವಂತೂ ಚಕ್ರಕ್ಕೆ ಎಣ್ಣೆ ಬೇರೆ ಬಿಟ್ಟ ಹಾಗಿತ್ತು. ಬಾಣಂತನಕ್ಕೆಂದು ಸಾತನೂರಿನ ತವರಿಗೆ ಹೋದ ನನ್ನ ಹೆಂಡತಿ ಪುಟ್ಟಮ್ಮ ಹಿಂದಿರುಗಿರಲಿಲ್ಲ. ಮಗಳು ಬೋರಲು ಬೀಳುತ್ತಾಳೆ, ಕೇಕೆ ಹಾಕಿ ನಗುತ್ತಾಳೆ ಎಂಬ ಸುದ್ದಿಯೆಲ್ಲ ಸಂತೆಗೆ ಬಂದವರ ಬಾಯಲ್ಲಿ ಬರುತ್ತಿತ್ತು. ನಾನು ಆ ನಗುವನ್ನು ನೋಡಿದ್ದು ಒಂದೇ ಸಲ, ಅದೂ ಮಗು ನಿದ್ದೆಯಲ್ಲಿದ್ದಾಗ.

ಹೆಂಡತಿಯನ್ನು ಕಳಿಸದವರು ಮಾವನವರು. ತವರಿಗೆ ಹೋಗುವಾಗ ಹಳ್ಳದಲ್ಲಿ ಗಾಡಿಯ ಅಚ್ಚು ಮುರಿದು, ತುಂಬು ಬಸುರಿ ಮಗಳು ಬಿಸಿಲಲ್ಲಿ ಬಂಡೆಯ ಮೇಲೆ ಕೂತಿದ್ದನ್ನು ಅವರು ಮರೆತಿರಲಿಲ್ಲ. “ರಸ್ತೆ ಆಗ್ಲಿ ಅಳೀಮಯ್ಯ. ಆ ಕಲ್‌ದಾರೀಲಿ ಎಳೇ ಮಗೀನ ಕುಲುಕಾಡ್ಸ್ಕಂಡು ನಾನಂತೂ ಕಳ್ಸಾಕಿಲ್ಲ” ಎಂದುಬಿಟ್ಟರು. ರಸ್ತೆ ಆಗುವುದೆಂದರೇನು, ಹಪ್ಪಳ ಸುಟ್ಟ ಹಾಗೆಯೇ?

ಅಷ್ಟರಲ್ಲಿ ಊರಲ್ಲಿ ತಮಟೆ ಬಡಿದು ಸಾರಿದರು. ಸರ್ಕಾರ ಸಾರಾಯಿ ಅಂಗಡಿಗಳನ್ನು ಆಗ ಅಮಾನಿಯಲ್ಲಿ ಇಟ್ಟುಕೊಂಡಿತ್ತು, ಅಂದರೆ ತನ್ನ ಸಂಬಳದ ಆಳುಗಳಿಂದ ತಾನೇ ನಡೆಸುತ್ತಿತ್ತು. ಇನ್ನು ಅವನ್ನು ಹರಾಜು ಹಾಕಿ ಖಾಸಗಿ ಗುತ್ತಿಗೆದಾರರಿಗೆ ಬಿಟ್ಟುಕೊಟ್ಟು, ಬಂದ ಹಣದಲ್ಲಿ ಸಾತನೂರಿಗೆ ಜಲ್ಲಿ ರಸ್ತೆ ಹಾಕಿಸುವ ಆಲೋಚನೆಯಿದೆ, ಪ್ರಜೆಗಳ ಅಭಿಪ್ರಾಯವೇನು? ನಾನು ಜನ್ಮದಲ್ಲಿ ಸಾರಾಯಿ ಮುಟ್ಟಿದವನಲ್ಲ. ಆದರೆ ಆ ದಿನದಿಂದ ಸಾರಾಯಿಯ ವಿಷಯವನ್ನು ನನ್ನಷ್ಟು ಮಾತಾಡಿದ ಕುಡುಕ ತಾಲ್ಲೂಕಿನಲ್ಲೇ ಇರಲಿಲ್ಲ.

ಹಿಂದಿನ ಕಾಲದ ರಾಜ್ಯಗಳಲ್ಲಿ ಸುರಾಧ್ಯಕ್ಷನೆಂಬ ಅಧಿಕಾರಿಯೇ ಇರುತ್ತಿದ್ದನಂತೆ. ಪ್ರಜೆ ಕುಡಿದು ಕೆಡಬಾರದು, ಕುಡಿಯದಿದ್ದರೆ ಬೊಕ್ಕಸ ತುಂಬದು. ಆ ಪುಣ್ಯಾತ್ಮನ ಪಾಡು ನನಗೆ ಆಗ ಅರ್ಥವಾಯಿತು. ಬೆಳಗ್ಗೆ ಹುಡುಗರಿಗೆ ಕುಡಿತ ಮನೆಹಾಳು ಎಂದು ಪಾಠ ಹೇಳಿ, ಸಂಜೆ ಅದೇ ಹುಡುಗರ ಅಪ್ಪಂದಿರ ಮುಂದೆ ಸಾರಾಯಿ ಅಂಗಡಿಯ ಹರಾಜಿನ ಗುಣಗಾನ ಮಾಡುತ್ತಿದ್ದೆ. ಅಂಗಡಿಯ ಹಳೆಯ ಗಿರಾಕಿಯೊಬ್ಬ, “ಸರ್ಕಾರ್ದೋರು ಬರೀ ನೀರ್ ಬೆರಸ್ತಾರೆ ಮೇಷ್ಟ್ರೇ. ಗುತ್ತಿಗೆದಾರ ಇನ್ನೇನ್ ಬೆರಸ್ತಾನೋ ಯಾರ್ ಕಂಡೋರು?” ಎಂದ. ಭಜನೆ ಮನೆಯ ಯಜಮಾನರು ಕುಡುಕರ ದುಡ್ಡಿನ ರಸ್ತೆಯಲ್ಲಿ ಕಾಲಿಟ್ಟರೆ ಪಾಪ ಅಂಟುತ್ತದೆ ಎಂದರು. ಕಾಲಿಡದೆ ಗಾಡಿಯಲ್ಲಿ ಕೂತು ಹೋದರೆ ಎಂದು ಕೇಳಿದೆ. ಯೋಚಿಸಿ ಹೇಳುತ್ತೇನೆಂದರು.

ಅಕ್ಷರ ಬಾರದವರ ಅಭಿಪ್ರಾಯವನ್ನೂ ತಿಳಿಯಲು ತಾಲ್ಲೂಕಿನ ಅಮಲ್ದಾರರಿಗೆ ಒಂದು ಉಪಾಯ ಹೊಳೆಯಿತು. ಬೊಂಬೆಯ ಊರಲ್ಲವೇ, ಬೊಂಬೆಗಳೇ ಮಾತಾಡಲಿ! ಬಂದವರಿಗೆಲ್ಲ ಒಂದು ಮರದ ಗಾಡಿ, ಒಂದು ಮರದ ಗಡಿಗೆ ಕೊಡುವುದು. ರಸ್ತೆ ಬೇಕೆನ್ನುವವರು ಗಾಡಿಯನ್ನು, ಅಂಗಡಿ ಸರ್ಕಾರದಲ್ಲೇ ಇರಲಿ ಎನ್ನುವವರು ಗಡಿಗೆಯನ್ನು ಪರದೆಯ ಹಿಂದಿರುವ ಪೆಟ್ಟಿಗೆಗೆ ಹಾಕಬೇಕು. ಉಳಿದದ್ದನ್ನು ಮನೆಗೆ ಒಯ್ಯಬಹುದು. ಬರಿಗೈಯಲ್ಲಿ ಕಳಿಸುತ್ತೇವೆಂದರೆ ಯಾರು ಬರುತ್ತಾರೆ?

ಬೊಂಬೆ ಕಡೆಯುವ ಕೆಲಸ ನಮ್ಮ ಪಕ್ಕದ ಮನೆಯ ಗೌಸ್ ಸಾಬರ ಪಾಲಿಗೆ ಬಂತು. ಗಾಡಿಗಳಿಗೆ ಅರಗಿನ ಕೆಂಪು, ಹಳದಿ ಹತ್ತಿಸಿ, ಕೇದಗೆ ಗರಿಯಲ್ಲಿ ಉಜ್ಜಿ, ಮುಖ ಕಾಣುವಷ್ಟು ಹೊಳಪು ಕೊಟ್ಟರು. ಗಡಿಗೆಗಳು ಮಾತ್ರ ಬೋಳು ಬೋಳು ಮರ. “ಸಾರಾಯಿ ಗಡಿಗೆಗೆ ನಾನ್ ಬಣ್ಣ ಹಾಕಾಕಿಲ್ಲ ಮೇಷ್ಟ್ರೇ. ನಾಳೆ ಮ್ಯಾಲೆ ಹೋಗಿ ಏನಂತ ಜವಾಬ್ ಕೊಡ್ಲಿ?” ಎಂದರು. ನನಗೆ ಒಳಗೊಳಗೇ ಹಿಗ್ಗು. ಇಂಥ ಚೆಂದದ ಗಾಡಿಯಿರುವಾಗ ಆ ಬೋಳು ಗಡಿಗೆಯನ್ನು ಯಾವನು ಆರಿಸಿಯಾನು?

ಅಭಿಪ್ರಾಯ ಕೊಡುವ ದಿನ ಪೆಟ್ಟಿಗೆ ಇಟ್ಟಿದ್ದ ಚಾವಡಿಯನ್ನು ನಾನು ಬೆಳಗಿನಿಂದಲೂ ಸುತ್ತಿದೆ. ಪರದೆಯ ಹಿಂದಿನಿಂದ ಬಂದವರೆಲ್ಲ ಹೆಗಲ ವಲ್ಲಿಯ ಕೆಳಗೆ ಕೈ ಮುಚ್ಚಿಕೊಂಡು, ನನ್ನನ್ನು ನೋಡಿ ನಕ್ಕು, “ಇನ್ನೇನ್ ಮೇಷ್ಟ್ರೇ, ರಸ್ತೆ ಆದಂಗೇಯ” ಎನ್ನುತ್ತಿದ್ದರು. ನನಗೆ ತಡೆಯಲಾಗಲಿಲ್ಲ. ಪೆಟ್ಟಿಗೆ ತೆರೆಯುವ ಮೊದಲೇ ಸಾತನೂರಿಗೆ ಹೊರಟವರೊಬ್ಬರನ್ನು ನಿಲ್ಲಿಸಿ, ರಸ್ತೆ ಆಯಿತೆಂದು ಮಾವನವರಿಗೆ ಹೇಳಿಕಳಿಸಿದೆ.

ಪೆಟ್ಟಿಗೆ ತೆರೆದರೆ ಗಡಿಗೆ, ಗಡಿಗೆ, ಗಡಿಗೆ. ತಳದಲ್ಲಿ ಒಂದೇ ಒಂದು ಗಾಡಿ. ಅಮಲ್ದಾರರು ಅದನ್ನು ಎತ್ತಿ ಹಿಡಿದರು. ನೆರೆದವರೆಲ್ಲ ನನ್ನ ಮುಖ ನೋಡಿದರು. ಪರದೆ ಕಟ್ಟಿದ್ದು ದಂಡ.

ಮನೆಯ ದಾರಿ ಹಿಡಿದರೆ ಜಗುಲಿ ಜಗುಲಿಯ ಮೇಲೂ ಮಕ್ಕಳು ಕೆಂಪು ಗಾಡಿ ಉರುಳಿಸುತ್ತಿದ್ದವು. ಗೌಸ್ ಸಾಬರ ಮೊಮ್ಮಗನ ಕೈಯಲ್ಲೂ ಒಂದು. “ನೀವೂನಾ ಸಾಬ್ರೇ?” ಎಂದೆ. ಅವರು ಗಡ್ಡ ಕೆರೆದುಕೊಂಡರು. “ಕಣ್ಣಿಗ್ ಒತ್ಕಳಂಗಿತ್ತು ಗಾಡಿ. ಪೆಟ್ಗೇಗೆ ಹಾಕಾಕೆ ಮನಸ್ ಬರ್ನಿಲ್ಲ. ಊರೋರೆಲ್ಲ ಹಾಕಿರ್ತಾರೆ, ನಂದೊಂದ್ ಇಲ್ದಿದ್ರೆ ಏನಾಯ್ತದೆ ಅಂದ್ಕಂಡೆ.” ಊರವರೆಲ್ಲರೂ ಹಾಗೆಯೇ ಅಂದುಕೊಂಡಿದ್ದರು. ಪ್ರಜೆಗಳು ಸರ್ಕಾರದ ಸಾರಾಯಿಯನ್ನೇ ಮೆಚ್ಚಿದ್ದಾರೆಂದು ಅಮಲ್ದಾರರು ಮೇಲಕ್ಕೆ ಬರೆದರು. ನನಗೆ ಸಿಟ್ಟೂ ಬಂತು, ಅಳುವೂ ಬಂತು. ಹುಚ್ಚುಮುಂಡೆ ಮದುವೇಲಿ ಉಂಡವನೇ ಜಾಣ. ಉಣ್ಣದೆ ಎದ್ದವನು ನಾನೊಬ್ಬನೇ.

ಕೆಲವು ದಿನ ಕಳೆದು ಒಂದು ಬೆಳಗ್ಗೆ ಮನೆಯ ಮುಂದೆ ಗಾಡಿಯೊಂದು ನಿಂತಿತು. ಹುಲ್ಲಿನ ಮೆತ್ತೆಯಿಂದ ಪುಟ್ಟಮ್ಮ ಇಳಿದಳು, ಕಂಕುಳಲ್ಲಿ ಮಗು.

“ದಾರಿ ಉದ್ದಕ್ಕೂ ನೋಡ್ಕಂಡ್ ಬಂದೆ. ಎಲ್ಲೈತೆ ನಿಮ್ ರಸ್ತೆ?” ಎಂದಳು.

ಮಾವನವರು ಹೇಗೆ ನಂಬಿದರೆಂದು ಕೇಳಿದೆ.

“ಅಪ್ಪಯ್ಯ ಎಲ್ಲಿ ನಂಬ್ತದೆ? ನಾನು ನಂಬ್ದೋಳಂಗೆ ನಾಟ್ಕ ಆಡಿ ಗಾಡಿ ಹತ್ತುಬುಟ್ಟೆ. ರಸ್ತೆ ಕಾಯ್ಕಂಡ್ ಕೂತಿದ್ರೆ ಮಗೀಗೆ ಮದ್ವೆ ವಯಸ್ಸಾಗೋದು.” ಅಷ್ಟು ಹೇಳಿ ಎದುರು ಜಗುಲಿಯ ಕಡೆ ನೋಡಿದಳು. “ಊರ್ ಮಕ್ಕಳ ಕೈಲೆಲ್ಲ ಗಾಡಿ ಐತೆ. ನಮ್ ಮಗೀಗೆಲ್ಲಿ?”

ಅದು ಸರ್ಕಾರದ ಪೆಟ್ಟಿಗೆಯಲ್ಲಿದೆ ಎಂದು ಹೇಗೆ ಹೇಳಲಿ? ಗೂಡಿನಲ್ಲಿದ್ದ ಬೋಳು ಗಡಿಗೆಯನ್ನು ತಂದುಕೊಟ್ಟೆ. ಊರಿಗೆಲ್ಲ ಗಾಡಿ, ಜನ್ಮದಲ್ಲಿ ಸಾರಾಯಿ ಮುಟ್ಟದವನ ಮನೆಗೆ ಗಡಿಗೆ. ಮಗಳು ಅದನ್ನು ಬೊಚ್ಚುಬಾಯಿಗೆ ಇಟ್ಟುಕೊಂಡು ಕಚ್ಚಿ, ಜೊಲ್ಲು ಸುರಿಸಿ, ನನ್ನ ಮುಖ ನೋಡಿ ಕೇಕೆ ಹಾಕಿ ನಕ್ಕಳು. ಶಾಲೆಯ ಗಂಟೆ ಹೊಡೆದದ್ದು ಕೇಳಿಸಿತು. ಮಗು ತೊಡೆಯ ಮೇಲಿತ್ತು, ನಾನು ಏಳಲಿಲ್ಲ.