ಕಲ್ಲಿಕೋಟೆಯ ನೀರಿನ ಮೇಲೆ ಅತ್ತೆ ಕೇಳಿದ ಪ್ರಶ್ನೆ

ನನ್ನ ಅತ್ತೆಯನ್ನು ನಾನು ಒಂದು ಸಲ ಸಮುದ್ರದ ಪಾಲು ಮಾಡುವುದರಲ್ಲಿದ್ದೆ. ಬೇಕೆಂದು ಮಾಡಿದ್ದಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಹೇಳಲೇಬೇಕಾಗಿದ್ದ ಹೊತ್ತಿನಲ್ಲಿ ನನ್ನ ಬಾಯಿಂದ ಅದು ಸರಿಯಾಗಿ ಹೊರಡಲಿಲ್ಲ.

ಎರಡು ಸಾವಿರದ ಆರೋ ಏಳೋ ಇರಬೇಕು. ನಾವಾಗ ಚಾಮರಾಜನಗರದಲ್ಲಿ ಬಾಡಿಗೆ ಮನೆಯಲ್ಲಿದ್ದೆವು. ನಾನು ಪುಣಜನೂರಿನ ಕಡೆ ಕಾಡಂಚಿನ ಒಂದು ಶಾಲೆಯಲ್ಲಿ ಟೀಚರು. ನನ್ನ ಗಂಡ ಸರ್ಕಾರಿ ಆಫೀಸಿನಲ್ಲಿ ಗುಮಾಸ್ತ. ಅತ್ತೆ ನಮ್ಮ ಜೊತೆಗೇ ಇದ್ದರು. ಬೆಳಿಗ್ಗೆ ಬಸ್ಸು ಹತ್ತಿ ಕುದೇರಿನ ಹೊಲಕ್ಕೆ ಹೋಗಿ, ಸಂಜೆ ಮಡಿಲಲ್ಲಿ ಸೊಪ್ಪು ಕಟ್ಟಿಕೊಂಡು ಬರುವರು. ನಮಗಿಬ್ಬರಿಗೂ ದಿನಾ ಜಗಳ. ಹುರುಳಿ ಸಾರಿಗೆ ಬೆಳ್ಳುಳ್ಳಿ ಎಷ್ಟು, ಒಣಗುವ ಹಗ್ಗದ ಮೇಲೆ ಯಾರ ಸೀರೆ ಮೊದಲು, ಇಂಥವೇ. ಕೂಗಾಡುವುದು, ಆಮೇಲೆ ಒಟ್ಟಿಗೆ ಕೂತು ಮುದ್ದೆ ಉಣ್ಣುವುದು.

ಆ ದಸರಾ ರಜೆಗೆ ಒಂದು ವಾರ ಮೊದಲು ನಡೆದದ್ದು ಮಾತ್ರ ಜಗಳವಲ್ಲ. ನಾನು ಫೋನಿನಲ್ಲಿ ನನ್ನ ಅಕ್ಕನಿಗೆ, "ಈ ಮುದುಕಿ ಇರೋಗಂಟ ನಂಗ ನೆಮ್ಮದಿ ಇಲ್ಲ ಕಣಕ್ಕ" ಅಂದೆ. ಫೋನಿಟ್ಟು ತಿರುಗಿದರೆ ಅತ್ತೆ ಹೊಸ್ತಿಲ ಹತ್ತಿರ ಕೂತು ಸೊಪ್ಪು ಬಿಡಿಸುತ್ತಿದ್ದಾರೆ. ಎಷ್ಟು ಹೊತ್ತಿನಿಂದ ಕೂತಿದ್ದರೋ. ತಲೆ ಎತ್ತಲಿಲ್ಲ. ಅವತ್ತಿನಿಂದ ನನ್ನ ಜೊತೆ ಜಗಳವಾಡುವುದನ್ನೇ ನಿಲ್ಲಿಸಿಬಿಟ್ಟರು. ನೀರು ಕೊಟ್ಟರೆ ಕುಡಿಯುವರು, ಊಟ ಬಡಿಸಿದರೆ ಉಣ್ಣುವರು. ಅವರು ಬೈದಿದ್ದರೆ ನಾನೂ ಬೈದು ಹಗುರಾಗುತ್ತಿದ್ದೆ. ಆ ಮೌನ ನನಗೆ ಭಯ ಹುಟ್ಟಿಸಿತು.

ನನ್ನ ಗಂಡನಿಗೆ ಫೋನಿನ ವಿಷಯ ಗೊತ್ತಿಲ್ಲ, ಮನೆಯಲ್ಲಿ ಏನೋ ಸರಿಯಿಲ್ಲ ಅಂತ ಮಾತ್ರ ಗೊತ್ತು. "ಮೂರು ಜನಾನೂ ಕಲ್ಲಿಕೋಟೆಗ ಓಗಿ ಬರನ. ಶುಂಠಿಯವ್ನು ಎಷ್ಟ್ ಸಲ ಕರ್ದಿದ್ದಾನೆ" ಅಂದ.

ಶುಂಠಿಯವನು ಅಂದರೆ, ಕುದೇರಿನಲ್ಲಿ ನಮ್ಮ ಹೊಲ ಗುತ್ತಿಗೆಗೆ ಹಿಡಿದು ನಾಲ್ಕು ವರ್ಷ ಶುಂಠಿ ಬೆಳೆದ ಮಲಯಾಳಿ. ನಲವತ್ತರ ಆಸುಪಾಸಿನವನು. ಶುಂಠಿ ಬಿಟ್ಟು ಊರಿಗೆ ಹೋಗಿ, ಸಮುದ್ರದಲ್ಲಿ ಓಡಿಸುವ ಎರಡು ವಾಟರ್ ಸ್ಕೂಟರು ತಂದಿದ್ದ. ಜೆಟ್ ಸ್ಕೀ ಅಂತ ಇವತ್ತು ಕರೆಯುತ್ತಾರಲ್ಲ, ಅದೇ. ಬಂದವರನ್ನು ಕೂರಿಸಿಕೊಂಡು ನೀರಿನ ಕಡೆಯಿಂದ ಊರು ತೋರಿಸುವುದು ಅವನ ಹೊಸ ಕೆಲಸ.

ಗುಂಡ್ಲುಪೇಟೆಯಲ್ಲಿ ಬಸ್ಸು ಹಿಡಿದು, ಕಾಡು ದಾಟಿ, ಘಾಟಿ ಇಳಿದು ಹೋದೆವು. ದಾರಿಯುದ್ದಕ್ಕೂ ಅತ್ತೆ ಕಿಟಕಿಯ ಕಡೆ ಮುಖ ಮಾಡಿಕೊಂಡಿದ್ದರು. ಬಾಯಿ ಬಿಟ್ಟದ್ದು ಸಮುದ್ರ ಕಂಡಾಗಲೇ.

"ಇಷ್ಟ್ ನೀರ ಇಟ್ಕಂಡು ಒಂದ್ ಎಕ್ರೆ ನಾಟಿ ಮಾಡಕ್ಕಾಗಕಿಲ್ವಾ?" ಅಂದರು.

ಶುಂಠಿಯವನು ನಕ್ಕ. "ಉಪ್ಪು ಕಣಮ್ಮ. ಕುಡ್ದು ನೋಡಿ." ಅವನ ಕನ್ನಡ ಅಪ್ಪಟ ಕುದೇರಿನದು, ರಾಗ ಮಾತ್ರ ಮಲಯಾಳದ್ದು.

ಅತ್ತೆ ನಿಜವಾಗಿಯೂ ಬೊಗಸೆಯಲ್ಲಿ ತೆಗೆದು ನಾಲಿಗೆಗೆ ಮುಟ್ಟಿಸಿ ಉಗಿದರು. "ಥೂ, ದಂಡ" ಅಂದರು.

ನಾನು ಅಲ್ಲೇ ನಿಂತಿದ್ದೆ. ಕಾಲ ಕೆಳಗಿನ ಮರಳನ್ನು ಅಲೆ ಎಳೆದುಕೊಂಡಾಗ ಎರಡು ಹೆಜ್ಜೆ ಹಿಂದೆ ಸರಿದೆ. ನನಗೆ ಈಜು ಬರುವುದಿಲ್ಲ. ಮೂವರಿಗೂ ಬರುವುದಿಲ್ಲ. ಆದರೆ ಎರಡನೆಯ ಗಾಡಿಯನ್ನು ನಮ್ಮಲ್ಲೊಬ್ಬರು ಓಡಿಸಬೇಕು ಅಂದ ಶುಂಠಿಯವನು. ನನ್ನ ಗಂಡ, "ನಿನ್ ಕೈಲಿ ಆಗದಾ ಇದು? ಮೊಪೆಡ್ ಅಲ್ಲ ಕಣೆ" ಅಂತ ಅಂದದ್ದೇ ತಡ, ನನ್ನ ನಾಲಿಗೆ ಓಡಿಹೋಯಿತು.

"ದಿನಾ ಆನೆ ರಸ್ತೇಲಿ ಗಾಡಿ ಓಡಿಸ್ತೀನಿ. ಇದೇನು ಮಹಾ?"

ಅದು ಸುಳ್ಳಲ್ಲ. ಸೈಕಲ್ಲು ಬಿಟ್ಟು ಬೇರೇನೂ ತುಳಿಯದ ಗಂಡನ ಮನೆಯಲ್ಲಿ ಗಾಡಿ ಓಡಿಸುವವಳು ನಾನೊಬ್ಬಳೇ. ಶಾಲೆಗೆ ಸೇರಿದ ವರ್ಷ ಒಬ್ಬ ಫಾರೆಸ್ಟ್ ವಾಚರು ಹೇಳಿಕೊಟ್ಟಿದ್ದ: "ಮೇಡಮ್ಮೋರೆ, ಆನೆ ಕಂಡ್ರ ಎಕ್ಸಿಲೇಟರ್ ಬುಡಿ, ಆಫ್ ಮಾಡಿ, ಕಲ್ಲಾಗ್ಬುಡಿ. ಸದ್ದು ಮಾಡುದ್ರ ಕೆಟ್ರಿ." ಎರಡು ಸಲ ಹಾಗೆ ಕಲ್ಲಾಗಿ ನಿಂತು ಬದುಕಿದ್ದೆ. ಎರಡನೆಯ ಸಲ ಮೂರು ಆನೆ, ಒಂದು ಮರಿ. ಅವು ರಸ್ತೆ ದಾಟಿ ಹೋದ ಮೇಲೂ ಗಾಡಿ ಸ್ಟಾರ್ಟ್ ಮಾಡಲು ನನಗೆ ಕಾಲು ಗಂಟೆ ಬೇಕಾಗಿತ್ತು.

ಶುಂಠಿಯವನ ಲೆಕ್ಕದಲ್ಲಿ ಅತ್ತೆ ಅವನ ಹಿಂದೆ, ನನ್ನ ಗಂಡ ನನ್ನ ಹಿಂದೆ ಕೂರಬೇಕಿತ್ತು. ಅತ್ತೆ ಒಪ್ಪಲಿಲ್ಲ.

"ಅನ್ಯ ಗಂಡಸಿನ ಸೊಂಟ ಹಿಡ್ಕಂಡು ಕೂತ್ಕಳಕ ನಂಗೇನ್ ಬಂದಿರದು? ಇವಳ ಹಿಂದಕ್ಕ ಕೂತ್ಕತೀನಿ."

"ಅವ್ವ, ನೀನ್ ಬ್ಯಾಡ. ದಡದಲ್ಲಿ ಕೂತಿರು" ಅಂದ ಗಂಡ.

"ನೀನ್ ಸುಮ್ನಿರ್ಲಾ. ಇಷ್ಟ್ ದೂರ ಬಂದು ಮರಳು ಎಣಿಸನಾ?"

ಒಂದು ವಾರದಲ್ಲಿ ಅತ್ತೆ ನನ್ನನ್ನು ಲೆಕ್ಕಕ್ಕೆ ತೆಗೆದುಕೊಂಡದ್ದು ಅದೇ ಮೊದಲು. ಬೇಡ ಅನ್ನಲು ನನಗೆ ಧೈರ್ಯ ಬರಲಿಲ್ಲ. ಗಂಡ ನನ್ನ ಕಿವಿಯ ಹತ್ತಿರ ಬಂದು, "ಅವ್ವಂಗೇನಾದ್ರೂ ಆದ್ರ ನಾನ್ ಸುಮ್ನಿರಕಿಲ್ಲ" ಅಂದ. ನಗುತ್ತಲೇ ಅಂದ, ಆದರೂ ಅಂದ.

ಅತ್ತೆ ಸೀರೆಯನ್ನು ಮಂಡಿಯ ಮೇಲಕ್ಕೆ ಕಟ್ಟಿ, ಮೇಲೆ ಕಿತ್ತಳೆ ಬಣ್ಣದ ಲೈಫ್ ಜಾಕೆಟ್ಟು ತೊಟ್ಟು ನನ್ನ ಬೆನ್ನಿಗೆ ಅಂಟಿ ಕೂತರು. ಶುಂಠಿಯವನು ದಡದ ಹತ್ತಿರದ ನೀರಿನಲ್ಲಿ ನಾಲ್ಕು ಸುತ್ತು ಹೊಡೆಸಿದ. ಎಕ್ಸಿಲೇಟರು ಬಲಗೈ ಬೆರಳಿನಿಂದ ಒತ್ತುವ ಒಂದು ಲಿವರ್ರು. ಆಫ್ ಮಾಡಲು ಎಡಗೈ ಹತ್ತಿರ ಕೆಂಪು ಬಟನ್ನು.

"ಟೀಚರೆ, ಇದ್ಕ ಬ್ರೇಕ್ ಇಲ್ಲ. ಎಕ್ಸಿಲೇಟರ್ ಕೊಟ್ರ ಮಾತ್ರ ತಿರುಗ್ತದ. ಬುಟ್ರ, ಹ್ಯಾಂಡಲ್ ಎಷ್ಟ್ ತಿರುಗಿಸುದ್ರೂ ನೆಟ್ಟಗೆ ಓಯ್ತದ. ಭಯ ಆದ್ರೂ ಬುಡಬಾರ್ದು. ಗೊತ್ತಾಯ್ತಾ?"

"ಗೊತ್ತಾಯ್ತು" ಅಂದೆ. ನನಗೆ ಗೊತ್ತಾಗಿತ್ತು. ಮಕ್ಕಳಿಗೆ ಪಾಠ ಹೇಳುವವಳು, ಅಷ್ಟು ಅರ್ಥವಾಗದೆ ಇರುತ್ತದೆಯೇ? ಗೊತ್ತಾಗದೆ ಉಳಿದದ್ದು ನನ್ನ ಕೈಗೆ.

ಅವನು ಗಂಡನನ್ನು ಹಿಂದೆ ಕೂರಿಸಿಕೊಂಡು ಮುಂದೆ ಹೊರಟ. ನಾನು ಅವನ ಗಾಡಿ ಬಿಟ್ಟುಹೋದ ಬಿಳಿ ನೊರೆಯ ಗೆರೆ ನೋಡಿಕೊಂಡು ಹಿಂದೆ. ಬಲಕ್ಕೆ ಊರು, ಎಡಕ್ಕೆ ಏನೂ ಇಲ್ಲ. ಆ ಏನೂ ಇಲ್ಲದ ಕಡೆ ಕಣ್ಣು ಹೋಗದಂತೆ ಕತ್ತು ಬಿಗಿ ಹಿಡಿದುಕೊಂಡೆ. ದೀಪಸ್ತಂಭದ ಎದುರು ಅವನು ನಿಧಾನ ಮಾಡಿ ಕೈ ಎತ್ತಿ ತೋರಿಸಿದ. ಆಮೇಲೆ ದಡದ ರಸ್ತೆಯ ಹಳೇ ಗೋದಾಮುಗಳನ್ನು ತೋರಿಸಿದ. ಏನೋ ವಿವರಿಸುತ್ತಿದ್ದ, ಗಾಳಿಗೆ ಒಂದು ಅಕ್ಷರ ಕೇಳಲಿಲ್ಲ. ನನಗೆ ಕೇಳುತ್ತಿದ್ದದ್ದು ಬೆನ್ನ ಹಿಂದೆ ಅತ್ತೆ ಉಸಿರಾಡುವುದು. ಪ್ರತಿ ಅಲೆಗೂ ಅವರ ಬೆರಳು ನನ್ನ ಹೊಟ್ಟೆಗೆ ಇಳಿಯುತ್ತಿದ್ದವು.

"ಅತ್ತೆ, ವಾಪಸ್ ಓಗನಾ?" ಅಂತ ಕೂಗಿದೆ.

"ನೀನ್ ಮುಂದ್ ನೋಡ್ಕ!"

ಅವನು ಹಳೇ ಕಡಲ ಸೇತುವೆಯ ಹತ್ತಿರ ಮತ್ತೆ ನಿಧಾನ ಮಾಡಿದ. ಹಡಗಿನ ಸರಕು ಇಳಿಸಲು ಎಂದೋ ಕಟ್ಟಿದ್ದಂತೆ. ಮೇಲಿನ ಹಲಗೆಯೆಲ್ಲ ಹೋಗಿ, ಸಾಲು ಕಂಬ ಮಾತ್ರ ನೀರಿನಲ್ಲಿ ನಿಂತಿದ್ದವು. ಅವನು ದೂರದಿಂದ ತೋರಿಸಿ, ಎಡಕ್ಕೆ ಬಳಸಿಕೊಂಡು ಹೋದ. ನಾನೂ ಬಳಸಬೇಕು. ಅಷ್ಟರಲ್ಲಿ ಹಿಂದಿನಿಂದ ಒಂದು ದೊಡ್ಡ ಅಲೆ ನಮ್ಮನ್ನು ಎತ್ತಿ ಮುಂದಕ್ಕೆ ಇಟ್ಟಿತು. ಕಣ್ಣು ಬಿಟ್ಟರೆ ಕಂಬಗಳು ಎದುರಿಗೇ ಇವೆ.

ಕಪ್ಪಗೆ, ದಪ್ಪಗೆ, ಮೈಯೆಲ್ಲ ಗಂಟು. ನೀರು ಇಳಿದಾಗ ಉದ್ದವಾಗುತ್ತವೆ, ಏರಿದಾಗ ಗಿಡ್ಡವಾಗುತ್ತವೆ. ನನ್ನ ತಲೆ ಆಗ ಸಮುದ್ರದಲ್ಲಿರಲಿಲ್ಲ, ಪುಣಜನೂರಿನ ಆನೆ ರಸ್ತೆಯಲ್ಲಿತ್ತು. ಬಲಗೈ ಬೆರಳು ತಾನಾಗಿ ಬಿಟ್ಟಿತು. ಎಡಗೈ ಕೆಂಪು ಬಟನ್ನು ಒತ್ತಿತು. ನಾನು ಕಲ್ಲಾಗಿಬಿಟ್ಟೆ.

ಸದ್ದು ನಿಂತಿತು. ಆ ನಿಶ್ಶಬ್ದ ಎಷ್ಟು ಸಮಾಧಾನ ಕೊಟ್ಟಿತೆಂದರೆ, ಒಂದು ಉಸಿರಿನಷ್ಟು ಹೊತ್ತು ನಾನು ಸರಿಯಾದದ್ದನ್ನೇ ಮಾಡಿದೆ ಅಂದುಕೊಂಡೆ. ಆಮೇಲೆ ನೋಡಿದರೆ ಕಂಬ ಹತ್ತಿರವಾಗುತ್ತಿದೆ. ಆನೆಯಾದರೆ ಅದು ನಮ್ಮ ಕಡೆ ಬರಬೇಕು. ಇಲ್ಲಿ ನಾವೇ ಹೋಗುತ್ತಿದ್ದೆವು. ಹ್ಯಾಂಡಲನ್ನು ಎಡಕ್ಕೆ ಕೊನೆಯವರೆಗೂ ತಿರುಗಿಸಿದೆ. ಗಾಡಿಗೆ ಅದು ತಿಳಿಯಲೇ ಇಲ್ಲ.

"ಯಾಕ ಬುಟ್ಟೆ? ಕೊಡಮ್ಮಿ! ಅಂವ ಏಳ್ಲಿಲ್ವಾ? ಕೊಡು!" ಅತ್ತೆ ಕಿವಿಯಲ್ಲಿ ಕೂಗುತ್ತಿದ್ದಾರೆ. ಗಾಡಿಯನ್ನೇ ಮುಟ್ಟದ ಹೆಂಗಸಿಗೆ ಅವನು ಹೇಳಿದ್ದು ನೆನಪಿತ್ತು. ನನಗೆ ಸ್ಟಾರ್ಟ್ ಬಟನ್ನು ಎಲ್ಲಿದೆ ಅನ್ನುವುದೇ ಮರೆತುಹೋಗಿತ್ತು. ಸಿಕ್ಕಸಿಕ್ಕಲ್ಲಿ ಒತ್ತಿದೆ.

ನಾಚಿಕೆಗೇಡಿನ ಒಂದು ವಿಷಯ ಬರೆಯುತ್ತೇನೆ. ಆ ಹೊತ್ತಿನಲ್ಲಿ ನನಗೆ ದೇವರು ನೆನಪಾಗಲಿಲ್ಲ, ಅತ್ತೆಯ ಜೀವವೂ ಅಲ್ಲ. ಕುದೇರಿನ ಹೆಂಗಸರ ಮಾತು ಕೇಳಿಸಿತು. "ಕರ್ಕಂಡೋಗಿ ಮುಳುಗಿಸ್ಬುಟ್ಟು ಬಂದ್ಲಂತೆ ಕಣವ್ವ."

ಕಂಬ ಮುಟ್ಟುವ ಮೊದಲು ಅತ್ತೆ ಬಲಗಾಲು ಚಾಚಿ ಅದನ್ನು ಒದ್ದರು. ಗಾಡಿ ಅರ್ಧ ವಾಲಿತು, ಉಪ್ಪು ನೀರು ನನ್ನ ಮೂಗಿಗೆ ಬಾಯಿಗೆ ನುಗ್ಗಿತು, ಹಿಂಭಾಗ ಕಂಬಕ್ಕೆ ಉಜ್ಜಿ ಕಿರ್ರ್ ಅಂದಿತು. ಮಗುಚಲಿಲ್ಲ. ಆದರೆ ಆ ಕಂಬದ ಮೈತುಂಬ ಬ್ಲೇಡಿನಂಥ ಚಿಪ್ಪು ಅಂಟಿಕೊಂಡಿದ್ದವು. ಅತ್ತೆ ಬರಿಗಾಲಿನಲ್ಲಿದ್ದರು. ಅಂಗಾಲು ಹಿಮ್ಮಡಿಯ ತನಕ ಸೀಳಿಹೋಗಿತ್ತು. ನೀರಿನಲ್ಲಿ ರಕ್ತ ಹರಡುವುದನ್ನು ನಾನು ನೋಡಿದೆ.

ಶುಂಠಿಯವನು ತಿರುಗಿ ಬಂದ. ನನ್ನ ಗಂಡ ಅವನ ಹಿಂದೆ, "ಅವ್ವಾ! ಅವ್ವಾ!" ಅಂತ ಎದ್ದು ನಿಲ್ಲಲು ಹೋಗಿ ಬೈಸಿಕೊಳ್ಳುತ್ತಿದ್ದಾನೆ.

"ಅಮ್ಮ, ಈ ಕಡಿಕ ಬನ್ನಿ, ನನ್ ಗಾಡಿಗ."

"ನಾನ್ ಇಲ್ಲಿಂದ ಅಲ್ಲಾಡಕಿಲ್ಲ" ಅಂದರು ಅತ್ತೆ.

ಅವನು ಹಗ್ಗ ಎಸೆದ. ನಮ್ಮ ಗಾಡಿಯ ಮೂತಿಗೆ ಕಟ್ಟಿಕೊಂಡು, ನಡೆಯುವ ವೇಗದಲ್ಲಿ ದಡದ ಕಡೆ ಎಳೆಯತೊಡಗಿದ. ಅವರಿಬ್ಬರ ಬೆನ್ನು ನಮ್ಮ ಕಡೆಗಿತ್ತು. ಆಗ ಅತ್ತೆ ನನ್ನ ಕಿವಿಯ ಹತ್ತಿರ ಬಾಯಿ ತಂದರು. ಈ ಸಲ ಕೂಗಲಿಲ್ಲ.

"ಬೇಕಂತಲೇ ಆಫ್ ಮಾಡ್ದ್ಯಾ?"

ಕಂಬ ಕಂಡಾಗ ಆದ ಭಯ ಭಯವೇ ಅಲ್ಲ ಅನ್ನಿಸಿತು. ಫೋನಿನಲ್ಲಿ ನಾನಾಡಿದ ಮಾತು ನಮ್ಮಿಬ್ಬರ ನಡುವೆ ಮೂರನೆಯವಳಂತೆ ಬಂದು ಕೂತಿತು. ಎಷ್ಟೋ ಹೇಳಬೇಕಿತ್ತು. ವಾಚರು ಹೇಳಿಕೊಟ್ಟದ್ದು, ಕೈ ತಾನಾಗಿ ಬಿಟ್ಟದ್ದು. ಹಲ್ಲು ಕಟಕಟ ಅನ್ನುತ್ತಿತ್ತು.

"ಆನೆ... ಆನೆ ಅನ್ಕಂಡೆ ಅತ್ತೆ" ಅಂದೆ.

"ಸಮುದ್ರದಲ್ಲಿ ಆನೆಯಾ?"

"ಊಂ."

ಒಂದು ಅಲೆ ಬಂತು, ಹೋಯಿತು. "ಆಯ್ತು ಬುಡು" ಅಂದರು. ಕೈ ಸಡಿಲಿಸಲಿಲ್ಲ. ಹಿಡಿಯಲು ಬೇರೇನೂ ಇರಲಿಲ್ಲವಲ್ಲ.

ದಡದಲ್ಲಿ ಗಂಡ ಅತ್ತೆಯನ್ನು ಎತ್ತಿ ಮರಳಿನ ಮೇಲೆ ಕೂರಿಸಿದ. ಕಾಲು ನೋಡಿ ಅವನ ಮುಖ ಬಿಳಿಚಿತು. "ಏನಾಯ್ತವ್ವ? ಇವ್ಳೇನ್ ಮಾಡುದ್ಲು?"

ಅತ್ತೆ ಕಾಲಿಗಂಟಿದ ಮರಳು ಒರೆಸಿಕೊಂಡರು.

"ಅವಳೇನ್ ಮಾಡಿದ್ದಾಳು? ಗಾಡಿ ಕೆಟ್ಟೋಯ್ತು ಕಣ್ಲಾ. ಅದ್ಕದೇ ನಿಂತೋಯ್ತು."

ಅದೇ ಹೊತ್ತಿಗೆ ಶುಂಠಿಯವನು ನಮ್ಮ ಗಾಡಿಯನ್ನು ಸೊಂಟದುದ್ದ ನೀರಿನಲ್ಲಿ ನಿಲ್ಲಿಸಿ ಬಟನ್ನು ಒತ್ತಿದ. ಒಂದೇ ಸಲಕ್ಕೆ ಗುರ್ರ್ ಅಂತ ಸ್ಟಾರ್ಟ್ ಆಯಿತು. ನಾಲ್ಕು ಜನಕ್ಕೂ ಕೇಳಿಸಿತು. ಅವನು ನನ್ನನ್ನು ನೋಡಿದ, ಅತ್ತೆಯನ್ನು ನೋಡಿದ, ಆಫ್ ಮಾಡಿದ. ಗಂಡ ಬಾಯಿ ತೆರೆದ.

"ರಕ್ತ ಸುರೀತಾ ಕೂತಿದ್ದೀನಿ, ಗಾಡಿ ಸದ್ದ್ ಕೇಳ್ಕ ನಿಂತಿದ್ದೀಯಲ್ಲ, ಬಟ್ಟೆ ತತ್ತಾ" ಅಂದರು ಅತ್ತೆ. ಅಲ್ಲಿಗೆ ಮಾತು ಮುಗಿಯಿತು.

ಆಸ್ಪತ್ರೆಯಲ್ಲಿ ಒಂಬತ್ತು ಹೊಲಿಗೆ ಹಾಕಿದರು. ಮಾರನೆಯ ದಿನ ಬಸ್ಸಿನಲ್ಲಿ ವಾಪಸ್ ಬಂದೆವು. ಅತ್ತೆಯ ಕಾಲು ನನ್ನ ತೊಡೆಯ ಮೇಲಿತ್ತು. ಮನೆಗೆ ಬಂದು ವಾರ ಕಳೆಯುವಷ್ಟರಲ್ಲಿ ಹುರುಳಿ ಸಾರಿನ ಜಗಳ ಮತ್ತೆ ಶುರುವಾಯಿತು. ನನಗೆಷ್ಟು ಖುಷಿಯಾಯಿತು ಅಂದರೆ, ಬೆಳ್ಳುಳ್ಳಿ ಬೇಕಂತಲೇ ಜಾಸ್ತಿ ಹಾಕುತ್ತಿದ್ದೆ.

ಆದರೆ ಪ್ರತಿ ಜಗಳದಲ್ಲೂ ಕಾಯುತ್ತಿದ್ದೆ. ಇವತ್ತು ಅಂದುಬಿಡುತ್ತಾರೆ, ಇವತ್ತು ಗಂಡನ ಮುಂದೆ ಎತ್ತಿಬಿಡುತ್ತಾರೆ ಅಂತ. ಇನ್ನೊಬ್ಬರಾಗಿದ್ದರೆ ನೂರು ಸಲ ಆಡಿ ತೋರಿಸುತ್ತಿದ್ದರು. ಇವರು ನನ್ನ ಅಪ್ಪನ ಮನೆಯನ್ನು ಬೈದಿದ್ದಾರೆ, ನನ್ನ ಅಡಿಗೆ ಬೈದಿದ್ದಾರೆ, ನಾನು ನಡೆಯುವ ರೀತಿ ಬೈದಿದ್ದಾರೆ. ಅದೊಂದನ್ನು ಬಾಯಿಗೆ ತರಲಿಲ್ಲ. ಕ್ಷಮಿಸಿದ್ದಾರೋ, ಎತ್ತಿಟ್ಟುಕೊಂಡಿದ್ದಾರೋ ತಿಳಿಯದೆ ನಾನು ಇಷ್ಟು ವರ್ಷ ಬದುಕಿದ್ದೇನೆ.

ಇದನ್ನು ಬರೆಯಲು ಕೂರುವ ಮೊದಲು ಕೇಳಿಯೇಬಿಡೋಣ ಅಂತ ಹೋದೆ. ಅತ್ತೆ ಅವರೆಕಾಯಿ ಸುಲಿಯುತ್ತಿದ್ದರು.

"ಅತ್ತೆ, ಅವತ್ತು ಆನೆ ಅಂದ್ನಲ್ಲ, ನಂಬುದ್ರಾ?"

"ನೀರ್ ಮ್ಯಾಲ ಇದ್ದೋ ಕಣಮ್ಮಿ. ನಂಬ್ದೆ ಇನ್ನೇನ್ ಮಾಡನ?"

"ದಡಕ್ಕ ಬಂದ್ಮ್ಯಾಲ?"

ಎರಡು ಕಾಯಿ ಸುಲಿದರು. ಕಾಳು ಬಟ್ಟಲಿಗೆ ಬಿದ್ದವು.

"ಒಲೆ ಮ್ಯಾಲ ಹಾಲದ. ಉಕ್ಕಿಗಿಕ್ಕೀತು, ನೋಡೋಗು" ಅಂದರು.

ಹೋಗಿ ನೋಡಿದೆ. ಹಾಲಿತ್ತು. ಒಲೆ ಹಚ್ಚಿರಲಿಲ್ಲ.