ಹೊಲಿಗೆ ಬಿಚ್ಚಲು ಬನಹಟ್ಟಿಗೆ

ಲೋಕಾಪುರದಲ್ಲಿ ಬಸ್ಸು ಬದಲಿಸುವಾಗ ಇನ್ನೂ ಒಂಬತ್ತು ಗಂಟೆ, ಬಿಸಿಲು ಆಗಲೇ ಚುರುಗುಟ್ಟುತ್ತಿತ್ತು. ಹೆಂಗಸರಿಗೆ ಪ್ರಯಾಣ ಪುಕ್ಕಟೆ, ಆದರೆ ಸೀಟು ಸಿಗಬೇಕಲ್ಲ! ಸ್ಕ್ಯಾನರಿನ ಚೀಲವನ್ನು ಕೂಸಿನಂತೆ ಅವಚಿಕೊಂಡು, ಮುಧೋಳ, ಮಹಾಲಿಂಗಪುರ ದಾಟಿ ಬನಹಟ್ಟಿಯವರೆಗೂ ನಿಂತೇ ಹೋದೆ. ನಾನು ವಿಶ್ವವಿದ್ಯಾಲಯದ ಗ್ರಂಥಾಲಯದವಳು. ಹಳೆಯ ಪಿಎಚ್.ಡಿ. ಪ್ರಬಂಧಗಳನ್ನು ಸ್ಕ್ಯಾನ್ ಮಾಡಿ, ಯಾರು ಬೇಕಾದರೂ ಓದುವಂತೆ ನಮ್ಮ ಡಿಜಿಟಲ್ ಭಂಡಾರಕ್ಕೆ ಏರಿಸುವುದು ನನ್ನ ಕೆಲಸ. ನೇಕಾರರ ಮಾತುಗಳ ಮೇಲೆ ಈರಪ್ಪ ಮಾಸ್ತರರು ಬರೆದಿದ್ದ ಪ್ರಬಂಧವನ್ನು ನಮ್ಮಲ್ಲಿ ಗೆದ್ದಲು ತಿಂದಿತ್ತು. ಉಳಿದದ್ದು ಅವರ ಮನೆಯಲ್ಲಿದ್ದ ಒಂದೇ ಪ್ರತಿ.

ಮಗ್ಗಗಳ ಖಟಪಟ ತುಂಬಿದ ಓಣಿಯಲ್ಲಿ ಮನೆ. ಮೊದಲು ಊಟ, ಆಮೇಲೆ ಕೆಲಸ ಎಂದರು ಮಾಸ್ತರರ ಹೆಂಡತಿ ಗಂಗವ್ವ. ಖಡಕ್ ರೊಟ್ಟಿ, ಹೆಸರುಕಾಳಿನ ಪಲ್ಯ, ಶೇಂಗಾ ಚಟ್ನಿ, ಗಟ್ಟಿ ಮೊಸರು. ನಾಲ್ಕನೇ ರೊಟ್ಟಿಗೆ ಕೈ ಅಡ್ಡ ಹಿಡಿದರೂ ಕೇಳಲಿಲ್ಲ ಪುಣ್ಯಾತ್ಗಿತ್ತಿ.

ಪುಸ್ತಕ ಬಂತು. ಇನ್ನೂರು ಚಿಲ್ಲರೆ ಪುಟ, ಬೆನ್ನಿಗೆ ಮಗ್ಗದ ನೂಲಿನ ಬಿಗಿ ಹೊಲಿಗೆ. ಬಿಚ್ಚದಿದ್ದರೆ ಒಳಅಂಚಿನ ಅಕ್ಷರಗಳು ಸ್ಕ್ಯಾನಿಗೆ ಸಿಗುವುದಿಲ್ಲ ಎಂದೆ. ಮಾಸ್ತರರು ಪುಸ್ತಕವನ್ನು ಎಳೆದುಕೊಂಡೇ ಬಿಟ್ಟರು.

"ಬ್ಯಾಡ್ರಿ ಬಾಯಾರ. ಇದು ಅಕಿ ಕೈಯಾಗಿನ ಹೊಲಿಗಿ."

"ಹೊಲದಾಕಿ ಸತ್ತೀನೇನ್ರಿ? ಮತ್ತ ಹೊಲೀತೀನಿ, ತರ್ರಿ ಇಲ್ಲೆ," ಎಂದು ಗಂಗವ್ವ ತಾವೇ ಕತ್ತರಿ ಹಾಕಿದರು.

ಆಮೇಲೆ ಪುಟಗಳನ್ನು ಒಂದೊಂದಾಗಿ ಕೊಡಲು ನನ್ನ ಪಕ್ಕ ಕೂತರು. ನಾನು ಪದ ಓದಿದರೆ ಸಾಕು, ಪುಟ ನೋಡದೆಯೇ ಅರ್ಥ ಹೇಳುತ್ತಿದ್ದರು. ಅದು ಯಾವ ಮನೆಯ ಯಾವ ಹೆಂಗಸಿನ ಬಾಯಿಂದ ಬಂದದ್ದು ಎಂಬುದನ್ನೂ!

"ಇದೆಲ್ಲ ನಿಮಗ ಹೆಂಗ ಗೊತ್ರಿ ಅವ್ವಾ?" ಎಂದೆ.

ಉತ್ತರ ಮಾಸ್ತರರಿಂದ ಬಂತು. "ಕಂಡಿಕಿ ಸುತ್ತೋ ಹೆಣ್ಮಕ್ಕಳು ನನ್ನ ಕೂಡ ಮಾತಾಡ್ತಿದ್ದಿಲ್ರಿ. ಇಕಿನ ಹೋಗಿ, ಅವರ ಜೋಡಿ ನೂಲು ಸುತ್ಕೋತ ಕುಂತು, ಮಾತು ಮನಿಗೆ ತರ್ತಿದ್ಲು. ನಾ ಬರಕೊಂಡೆ. ಡಾಕ್ಟರ್ ಆದಾವ ನಾನು. ಖರೆ ಹೇಳ್ಬೇಕಂದ್ರ, ಪುಸ್ತಕದಾಗ ಅಕಿ ಹೆಸರೇ ಇಲ್ಲ."

ಕಂಡಿಕೆಯೆಂದರೆ ಲಾಳಿಯೊಳಗೆ ಕೂರುವ ನೂಲಿನ ಸುರುಳಿ. ಅದನ್ನು ಸುತ್ತುತ್ತಲೇ ಒಂದು ಪ್ರಬಂಧಕ್ಕಾಗುವಷ್ಟು ವಿದ್ಯೆ ತಂದಿದ್ದರು ಈ ತಾಯಿ. ಪ್ರಬಂಧವನ್ನು ಭಂಡಾರಕ್ಕೆ ಏರಿಸಲು ಬೇಕಾದ ಒಪ್ಪಿಗೆ ಪತ್ರವನ್ನು ಮುಂದಿಟ್ಟೆ. ಮಾಸ್ತರರು ಪೆನ್ನು ಹಿಡಿದು ಕೇಳಿದರು.

"ಇದರಾಗರೆ ಅಕಿ ಹೆಸರು ಬರತೈತೇನ್ರಿ? ಇಲ್ಲಂದ್ರ ನಾ ಸಹಿ ಮಾಡಂಗಿಲ್ಲ."

ನಮ್ಮ ನಮೂನೆಯಲ್ಲಿ ಸಂಗ್ರಹಕಾರರಿಗೆಂದೇ ಒಂದು ಸಾಲಿದೆ. ಇಷ್ಟು ವರ್ಷ ಅದನ್ನು ಖಾಲಿ ಬಿಡುತ್ತ ಬಂದವಳು ನಾನೇ. ನಾಚಿಕೆಯಾಯಿತು. ಗಂಗವ್ವನವರ ಹೆಸರು ಬರೆದೆ. "ನಂದ್ಯಾಕ ಬಿಡ್ರಿ" ಎನ್ನುತ್ತಲೇ ಅವರು ಕತ್ತು ಚಾಚಿ ನೋಡಿದರು. ಮಾಸ್ತರರು ಸಹಿ ಹಾಕಿದರು.

ಇಳಿಹೊತ್ತಿಗೆ ಸ್ಕ್ಯಾನ್ ಮುಗಿಯಿತು. ಅಲ್ಲಿಂದಲೇ ಎಲ್ಲವನ್ನೂ ಕಚೇರಿಗೆ ಕಳಿಸಿ ಬಸ್ಸು ಹತ್ತಿದೆ. ಈ ಸಲ ಸೀಟು ಸಿಕ್ಕಿತು. ಮುಧೋಳ ಬರುವಷ್ಟರಲ್ಲಿ ಕಚೇರಿಯ ಗೆಳತಿ ಪ್ರಬಂಧವನ್ನು ಭಂಡಾರಕ್ಕೆ ಏರಿಸಿದ್ದಳು. ಮಾಸ್ತರರಿಗೆ ಲಿಂಕ್ ಕಳಿಸಿದೆ. ಐದೇ ನಿಮಿಷದಲ್ಲಿ ಫೋನು.

"ಬಾಯಾರ, ಅಕಿ ಹೆಸರು ಹೊಡದ್ರ ಪುಸ್ತಕ ಬರ್ತೈತ್ರಿ!"

ಅವರ ಹಿಂದಿನಿಂದ ಗಂಗವ್ವನವರ ದನಿ ಕೇಳಿಸಿತು: "ಇನ್ನೊಮ್ಮೆ ಹೊಡೀರಿ, ನೋಡೂಣು."